ಸ್ಪೋರ್ಟ್ಸ್ ಕಾರಿನಲ್ಲಿ ವೈರಿಂಗ್ ಬೆಂಕಿ: ಮೊದಲು ಏನು, ಆಮೇಲೆ ಏನು

ಸುಟ್ಟ ವಾಸನೆ ಬಂತು, ಗಾಡಿ ಪಕ್ಕಕ್ಕೆ ಹಾಕಿದೆ, ಏನಾಗಿದೆ ನೋಡೋಣ ಅಂತ ಬಾನೆಟ್ ಎತ್ತಿದೆ, ಭಗ್ ಅಂತ ಹತ್ತಿಕೊಂಡಿತು. ದುಬಾರಿ ಸ್ಪೋರ್ಟ್ಸ್ ಕಾರನ್ನು ಬೆಂಕಿಗೆ ಕಳೆದುಕೊಂಡವರು ಹೇಳುವ ಮಾತು ಹೆಚ್ಚುಕಡಿಮೆ ಇಷ್ಟೇ. ಎಲ್ಲರೂ ತಿಳಿವಳಿಕೆ ಇದ್ದವರೇ, ಕಾರನ್ನು ಮಗುವಿನ ಹಾಗೆ ನೋಡಿಕೊಂಡವರೇ. ಆ ಪ್ರೀತಿಯೇ ಕೈಯನ್ನು ಮೊದಲು ಬಾನೆಟ್ಟಿಗೆ ಕರೆದುಕೊಂಡು ಹೋಗುತ್ತದೆ. ಅಲ್ಲೇ ಎಡವಟ್ಟಾಗುವುದು.

ಇಲ್ಲಿ ಬರೆದಿರುವುದು ಕೆಲಸಗಳ ಕ್ರಮ. ಒಂದೊಂದು ಕೆಲಸವೂ ಸಣ್ಣದು, ಯಾರು ಬೇಕಾದರೂ ಮಾಡಬಹುದು. ಆದರೆ ಹೊಗೆ ಕಂಡ ಮೇಲೆ ಯೋಚನೆ ಮಾಡಲು ಸಮಯ ಸಿಗುವುದಿಲ್ಲ. ಹೊಗೆಯಿಂದ ಇಡೀ ಕಾರು ಉರಿಯುವ ತನಕ ಕೆಲವೇ ನಿಮಿಷ. ಹಾಗಾಗಿ ಮೊದಲ ಮೂರು ಹಂತಗಳನ್ನು ಈ ವಾರವೇ, ಕಾರು ಸುಮ್ಮನೆ ನಿಂತಿರುವಾಗ ಮುಗಿಸಿಬಿಡಿ.

## ಮೊದಲಿಗೆ ಒಂದು ವಿಷಯ: ಫ್ಯೂಸ್ ಇದೆಯಲ್ಲ ಅನ್ನುವ ಧೈರ್ಯ ಬೇಡ

"ಶಾರ್ಟ್ ಆದರೆ ಫ್ಯೂಸ್ ಹೋಗುತ್ತೆ ಅಲ್ವಾ?" ಅಂತ ಬಹಳ ಜನ ಕೇಳುತ್ತಾರೆ. ಶಾರ್ಟ್ ಆದರೆ ಹೋಗುತ್ತದೆ, ನಿಜ. ಲೂಸ್ ಕಾಂಟ್ಯಾಕ್ಟ್ ಆದರೆ ಹೋಗುವುದಿಲ್ಲ.

20 ಆಂಪ್ ಹರಿಯುವ ವೈರಿನ ಕನೆಕ್ಟರ್ ಸಡಿಲವಾಗಿ, ಅಲ್ಲಿ 0.1 ಓಮ್ ತಡೆ ಹುಟ್ಟಿತು ಅಂದುಕೊಳ್ಳಿ. ಲೆಕ್ಕ ಹಾಕಿದರೆ ಆ ಒಂದು ಚುಕ್ಕೆಯಷ್ಟು ಜಾಗದಲ್ಲಿ 40 ವಾಟ್ ಶಾಖ. ಸೋಲ್ಡರಿಂಗ್ ಐರನ್ ಒಂದನ್ನು ಬಿಸಿ ಮಾಡಿ ಡ್ಯಾಶ್‌ಬೋರ್ಡಿನ ಹಿಂದೆ ಇಟ್ಟು ಮರೆತ ಹಾಗೆ. ಆದರೆ ಹರಿಯುತ್ತಿರುವ ಕರೆಂಟ್ 20 ಆಂಪ್ ಮೀರಿಲ್ಲ, ಆದ್ದರಿಂದ 25 ಆಂಪಿನ ಫ್ಯೂಸಿಗೆ ಏನೂ ಗೊತ್ತಾಗುವುದಿಲ್ಲ. ಪ್ಲಾಸ್ಟಿಕ್ ಕರಗುತ್ತಾ ಹೋಗುತ್ತದೆ, ಫ್ಯೂಸ್ ಆರಾಮಾಗಿ ಕೂತಿರುತ್ತದೆ.

ಇನ್ನೊಂದು, ಬ್ಯಾಟರಿಯಿಂದ ಸ್ಟಾರ್ಟರ್‌ಗೆ ಹೋಗುವ ದಪ್ಪ ಕೇಬಲ್. ಬಹಳಷ್ಟು ಕಾರುಗಳಲ್ಲಿ ಇದಕ್ಕೆ ಮಾಮೂಲಿ ಫ್ಯೂಸೇ ಇರುವುದಿಲ್ಲ. ಇಂಜಿನ್ ಹಿಂದೆ, ಬ್ಯಾಟರಿ ಮುಂದೆ ಇರುವ ಸ್ಪೋರ್ಟ್ಸ್ ಕಾರಿನಲ್ಲಿ ಈ ಕೇಬಲ್ ಕಾರಿನ ಉದ್ದಕ್ಕೂ ಓಡುತ್ತದೆ. ಎಲ್ಲಾದರೂ ಕಾರಿನ ಲೋಹದ ಮೈಗೆ ಉಜ್ಜಿ ವೈರಿನ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಹೋದರೆ ನೂರಾರು ಆಂಪ್ ಹರಿಯುತ್ತದೆ. ಕೀ ಆಫ್ ಮಾಡಿದರೂ ಅದಕ್ಕೆ ಲೆಕ್ಕವಿಲ್ಲ, ಅದು ಯಾವಾಗಲೂ ಬ್ಯಾಟರಿಗೆ ನೇರವಾಗಿ ಸೇರಿಕೊಂಡೇ ಇರುತ್ತದೆ.

ಈ ಎರಡು ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ತಾನಾಗಿಯೇ ಅರ್ಥವಾಗುತ್ತದೆ.

## ಹಂತ 1: ಬೀಗಗಳು ಮತ್ತು ಬ್ಯಾಟರಿ ಎಲ್ಲಿವೆ, ಕೈಯಿಂದ ಮುಟ್ಟಿ ನೋಡಿ

ಮ್ಯಾನುಯಲ್ ಪುಸ್ತಕ ಹಿಡಿದುಕೊಂಡು ಕಾರಿನೊಳಗೆ ಕೂತುಕೊಳ್ಳಿ. ಮೂರು ಜಾಗ ಹುಡುಕಬೇಕು.

ಬಾಗಿಲು. ಈಗಿನ ಎಷ್ಟೋ ಸ್ಪೋರ್ಟ್ಸ್ ಕಾರುಗಳ ಬಾಗಿಲು ತೆರೆಯುವುದು ಗುಂಡಿ ಒತ್ತಿದರೆ, ಅಂದರೆ ಕರೆಂಟಿನಿಂದ. ಕರೆಂಟ್ ಹೋದರೆ ಗುಂಡಿ ಸತ್ತ ಹಾಗೆ. ಅದಕ್ಕೆಂದೇ ಕೈಯಿಂದ ಎಳೆಯುವ ಲಿವರ್ ಅಥವಾ ದಾರ ಎಲ್ಲೋ ಒಂದು ಕಡೆ ಕೊಟ್ಟಿರುತ್ತಾರೆ. ಷೆವ್ರೊಲೆ ಕಾರ್ವೆಟ್ ಕಾರಿನ ಸಿ6, ಸಿ7 ಮಾದರಿಗಳಲ್ಲಿ ಅದು ಸೀಟಿನ ಪಕ್ಕ, ನೆಲದ ಮೇಲೆ. ನಿಮ್ಮದರಲ್ಲಿ ಎಲ್ಲಿದೆ ಹುಡುಕಿ, ಕಣ್ಣು ಮುಚ್ಚಿಕೊಂಡು ಐದು ಸಲ ಎಳೆದು ನೋಡಿ. ನಿಮ್ಮ ಜೊತೆ ಕೂರುವವರಿಗೂ ತೋರಿಸಿ. ಇದನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ.

ಒಂದು ಸಣ್ಣ ವಿಷಯವೂ ಇದೆ. ಫ್ರೇಮ್ ಇಲ್ಲದ ಕಿಟಕಿಯ ಕಾರಿನಲ್ಲಿ ಬಾಗಿಲು ತೆರೆಯುವಾಗ ಗಾಜು ತಾನೇ ಸ್ವಲ್ಪ ಕೆಳಗಿಳಿಯುತ್ತದೆ. ಕರೆಂಟ್ ಇಲ್ಲದಿದ್ದರೆ ಅದು ಇಳಿಯುವುದಿಲ್ಲ, ಮೇಲಿನ ರಬ್ಬರಿಗೆ ಸಿಕ್ಕಿಕೊಂಡು ಬಾಗಿಲು ಬಿಗಿ ಅನ್ನಿಸುತ್ತದೆ. ಲಾಕ್ ಆಗಿದೆ ಅಂದುಕೊಂಡು ಬಿಟ್ಟುಬಿಡಬೇಡಿ, ಭುಜ ಕೊಟ್ಟು ತಳ್ಳಿ. ಗಾಜು ಒಡೆದರೆ ಒಡೆಯಲಿ.

ಬ್ಯಾಟರಿ. ಮುಂದಿನ ಡಿಕ್ಕಿಯಲ್ಲಿ, ಹಿಂದಿನ ಡಿಕ್ಕಿಯಲ್ಲಿ, ಸೀಟಿನ ಹಿಂದೆ, ಪಕ್ಕದ ಸೀಟಿನ ಕಾಲಡಿ, ಎಲ್ಲಿ ಬೇಕಾದರೂ ಇರಬಹುದು. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಅದರ ಮೇಲೆ ಕಾರ್ಪೆಟ್. ಒಮ್ಮೆ ಎಲ್ಲ ತೆಗೆದು ನೆಗೆಟಿವ್ ಟರ್ಮಿನಲ್ ಯಾವುದು ಅಂತ ನೋಡಿ, ಅದರ ನಟ್ಟಿಗೆ ಯಾವ ಸೈಜಿನ ಸ್ಪ್ಯಾನರ್ ಬೇಕು ಅಂತಲೂ ನೋಡಿ. ಸಾಮಾನ್ಯವಾಗಿ 10 ಎಂಎಂ.

ಡಿಕ್ಕಿ ಮತ್ತು ಇಂಜಿನ್ ಮುಚ್ಚಳದ ಬೀಗ. ಇದೂ ಕರೆಂಟಿನದೇ ಆಗಿದ್ದರೆ ಒಂದು ವಿಚಿತ್ರ ತೊಡಕು ಬರುತ್ತದೆ. ಪೋರ್ಶೆ 911ರ 997 ಮಾದರಿಯನ್ನೇ ನೋಡಿ. ಬ್ಯಾಟರಿ ಮುಂದಿನ ಡಿಕ್ಕಿಯೊಳಗೆ, ಆ ಡಿಕ್ಕಿಯ ಬೀಗ ತೆರೆಯುವುದು ಅದೇ ಬ್ಯಾಟರಿಯ ಕರೆಂಟಿನಿಂದ. ಬ್ಯಾಟರಿ ಸತ್ತರೆ ಫ್ಯೂಸ್ ಬಾಕ್ಸಿನಲ್ಲಿರುವ ಒಂದು ಟರ್ಮಿನಲ್ ಹೊರಗೆಳೆದು, ಬೇರೆ ಬ್ಯಾಟರಿಯಿಂದ ಕರೆಂಟ್ ಕೊಟ್ಟು ಬೀಗ ತೆಗೆಯಬೇಕು. ನಿಮ್ಮ ಕಾರಿನ ದಾರಿ ಯಾವುದು ಅಂತ ತಿಳಿದುಕೊಂಡಿರಿ.

## ಹಂತ 2: ಕಾರಿನಲ್ಲಿ ಇರಬೇಕಾದ ಸಾಮಾನು

ಮುಖ್ಯವಾದದ್ದು ಬೆಂಕಿ ಆರಿಸುವ ಸಿಲಿಂಡರ್. ಯಾವುದು ತಗೊಳ್ಳಬೇಕು ಅನ್ನುವುದರಲ್ಲೇ ಜನ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ.

ಎಬಿಸಿ ಪುಡಿ ಎಲ್ಲ ಕಡೆ ಸಿಗುತ್ತದೆ. ಪೆಟ್ರೋಲ್ ಬೆಂಕಿ, ವೈರಿಂಗ್ ಬೆಂಕಿ, ಪ್ಲಾಸ್ಟಿಕ್ ಬೆಂಕಿ ಮೂರಕ್ಕೂ ಆಗುತ್ತದೆ. ಕೆಟ್ಟ ಗುಣ ಏನೆಂದರೆ ಆ ಪುಡಿ ತೇವ ಎಳೆದುಕೊಂಡು ಅಲ್ಯೂಮಿನಿಯಂ, ತಾಮ್ರ, ಸರ್ಕ್ಯೂಟ್ ಬೋರ್ಡುಗಳನ್ನು ತಿನ್ನುತ್ತದೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಗುರುತೇ ಉಳಿಸುವುದಿಲ್ಲ, ಎಲೆಕ್ಟ್ರಿಕಲ್ ಬೆಂಕಿಗೆ ಒಳ್ಳೆಯದು. ಆದರೆ ಗಾಳಿ ಬೀಸಿದರೆ ಹಾರಿಹೋಗುತ್ತದೆ, ಬಿಸಿಯಾದ ಲೋಹವನ್ನು ತಣ್ಣಗೆ ಮಾಡುವುದಿಲ್ಲ, ಆದ್ದರಿಂದ ಬೆಂಕಿ ಮತ್ತೆ ಹತ್ತಬಹುದು. ಮೂರನೆಯದು ಕ್ಲೀನ್ ಏಜೆಂಟ್ ಅನ್ನುವ ಬಗೆ, ಬೆಂಕಿ ಆರಿಸಿ ಆವಿಯಾಗಿ ಹೋಗುವಂಥದ್ದು. ಬೆಲೆ ಜಾಸ್ತಿ, ಕಲೆ ಉಳಿಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೈಗೆಟುಕುವ ಕಡೆ ಒಂದು ಕ್ಲೀನ್ ಏಜೆಂಟ್, ಗ್ಯಾರೇಜಿನ ಬಾಗಿಲ ಬಳಿ ಒಂದು ದೊಡ್ಡ ಎಬಿಸಿ. ಒಂದೇ ಇಡುವುದಾದರೆ ಎಬಿಸಿಯೇ ಇರಲಿ. ಪುಡಿಯಿಂದ ಹಾಳಾದ ಕಾರನ್ನು ರಿಪೇರಿ ಮಾಡಬಹುದು, ಬೂದಿಯನ್ನು ಆಗುವುದಿಲ್ಲ.

ಲೇಬಲ್ ಮೇಲಿನ ಅಕ್ಷರ ಮಾತ್ರ ನೋಡಬೇಡಿ. "ಸಿ" ಅಂದರೆ ಅಮೆರಿಕದಲ್ಲಿ ಎಲೆಕ್ಟ್ರಿಕಲ್ ಬೆಂಕಿ, ಯುರೋಪಿನಲ್ಲಿ ಗ್ಯಾಸ್ ಬೆಂಕಿ. ಕರೆಂಟ್ ಇರುವ ಸಾಮಾನಿನ ಮೇಲೆ ಬಳಸಬಹುದು ಅಂತ ಬರೆದಿದೆಯಾ ಅಂತ ನೋಡಿ.

1 ಕೆಜಿ ಪುಡಿಯ ಸಿಲಿಂಡರ್ ಸುಮಾರು 8ರಿಂದ 10 ಸೆಕೆಂಡ್ ಮಾತ್ರ ಬರುತ್ತದೆ. ಹತ್ತು ಎಣಿಸುವುದರೊಳಗೆ ಖಾಲಿ. ಜಾಗ ಇದ್ದರೆ 2 ಕೆಜಿ ಇಡಿ.

ಉಳಿದದ್ದು:

- ಸೀಟಿನ ಹಳಿಗೆ ಬೋಲ್ಟ್ ಹಾಕಿ ಕೂರಿಸುವ ಲೋಹದ ಬ್ರ್ಯಾಕೆಟ್. ಸಿಲಿಂಡರ್ ಸುಮ್ಮನೆ ನೆಲದ ಮೇಲೆ ಉರುಳಾಡುತ್ತಿದ್ದರೆ ಅದು ಬ್ರೇಕ್ ಪೆಡಲ್ ಕೆಳಗೆ ಹೋಗಿ ಕೂರುತ್ತದೆ. ಡಿಕ್ಕಿಯೊಳಗೆ ಇಟ್ಟರೆ, ಬೇಕಾದಾಗ ಡಿಕ್ಕಿ ತೆರೆಯದೇ ಇರಬಹುದು.
- ಸೀಟ್ ಬೆಲ್ಟ್ ಕತ್ತರಿಸುವ ಚಾಕು, ಗಾಜು ಒಡೆಯುವ ಮೊನೆ. ಇದು ಟೆಂಪರ್ಡ್ ಗಾಜನ್ನು, ಅಂದರೆ ಒಡೆದರೆ ಸಣ್ಣ ಚೂರಾಗುವ ಗಾಜನ್ನು ಮಾತ್ರ ಒಡೆಯುತ್ತದೆ. ಕಿಟಕಿ ಗಾಜಿನ ಮೂಲೆಯಲ್ಲಿ ಲ್ಯಾಮಿನೇಟೆಡ್ (ನಡುವೆ ಪ್ಲಾಸ್ಟಿಕ್ ಪದರ ಇರುವ ಗಾಜು) ಅಂತ ಬರೆದಿದ್ದರೆ ಈ ಮೊನೆ ಕೆಲಸಕ್ಕೆ ಬರುವುದಿಲ್ಲ, ಬೇರೆ ಕಿಟಕಿ ನೋಡಬೇಕು.
- ಬ್ಯಾಟರಿ ನಟ್ಟಿನ ಸ್ಪ್ಯಾನರ್, ದಪ್ಪ ಚರ್ಮದ ಕೈಗವಸು, ಟಾರ್ಚ್.

ತಿಂಗಳಿಗೊಮ್ಮೆ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ನೋಡಿ. ಪುಡಿಯದ್ದಾದರೆ ತಲೆಕೆಳಗು ಮಾಡಿ ಅಲ್ಲಾಡಿಸಿ, ಕಾರಿನ ಅದುರಿಗೆ ಪುಡಿ ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ.

## ಹಂತ 3: ಬೆಂಕಿಗೆ ಮುಂಚೆ ಕಾರು ಕೊಡುವ ಸೂಚನೆ

ವೈರಿಂಗ್ ಬೆಂಕಿ ಒಮ್ಮೆಲೇ ಬರುವುದು ಅಪರೂಪ. ದಿನಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಮುಂಚೆಯೇ ಸುಳಿವು ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ವಾಸನೆ. ಬಿಸಿ ಪ್ಲಾಸ್ಟಿಕ್ಕಿನ ಕಮಟು ವಾಸನೆ, ಕೆಲವು ಕನೆಕ್ಟರ್‌ಗಳು ಬಿಸಿಯಾದಾಗ ಹಸಿ ಮೀನಿನ ವಾಸನೆ. ಕ್ಲಚ್ ಸುಟ್ಟ ವಾಸನೆ, ಬ್ರೇಕ್ ಬಿಸಿಯಾದ ವಾಸನೆ ಬೇರೆ, ಅದು ನೀವು ಜೋರಾಗಿ ಓಡಿಸಿದಾಗ ಬಂದು ಹೋಗುತ್ತದೆ. ವೈರಿಂಗ್ ವಾಸನೆ ಯಾವುದೋ ಒಂದು ಸ್ವಿಚ್ ಹಾಕಿದಾಗ ಬರುತ್ತದೆ. ಎಸಿ ಬ್ಲೋವರ್, ಸೀಟ್ ಹೀಟರ್, ಹಿಂದಿನ ಗಾಜಿನ ಹೀಟರ್. ಯಾವ ಸ್ವಿಚ್ ಅಂತ ಗಮನಿಸಿ ಬರೆದಿಟ್ಟುಕೊಳ್ಳಿ.

ನನಗೆ ಗೊತ್ತಿರುವ ಒಬ್ಬರ ಕೂಪೆಯಲ್ಲಿ ಸೀಟ್ ಹಿಂದಕ್ಕೆ ಸರಿಸಿದಾಗ ಮಾತ್ರ ವಾಸನೆ ಬರುತ್ತಿತ್ತು. ಸೀಟಿನ ಮೋಟರ್ ಕೆಟ್ಟಿದೆ ಅಂದುಕೊಂಡು ಎರಡು ತಿಂಗಳು ಬಿಟ್ಟಿದ್ದರು. ಕಾರ್ಪೆಟ್ ಎತ್ತಿ ನೋಡಿದರೆ, ಹಿಂದಿನ ಮಾಲೀಕರು ಆಂಪ್ಲಿಫೈಯರ್‌ಗೆ ಎಳೆಸಿದ್ದ ದಪ್ಪ ವೈರ್ ಸೀಟಿನ ಹಳಿಯ ಕೆಳಗೆ ಸಿಕ್ಕಿಕೊಂಡಿತ್ತು. ಪ್ರತಿ ಸಲ ಸೀಟ್ ಸರಿದಾಗಲೂ ಹಳಿ ಅದನ್ನು ಕೊಯ್ಯುತ್ತಿತ್ತು. ಬ್ಯಾಟರಿ ಬಳಿ ಅದಕ್ಕೆ ಫ್ಯೂಸೇ ಹಾಕಿರಲಿಲ್ಲ. ತಾಮ್ರ ಹೊಳೆಯುತ್ತಿತ್ತು, ಕಾರ್ಪೆಟ್ ಅಷ್ಟಗಲ ಕಪ್ಪಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಉಳಿದ ಸುಳಿವುಗಳು: ಒಂದೇ ಫ್ಯೂಸ್ ಎರಡನೇ ಸಲ ಹೋಗುವುದು, ದೀಪಗಳು ಮಿಣುಕುವುದು, ಸಂಬಂಧವೇ ಇಲ್ಲದ ಮೂರ್ನಾಲ್ಕು ವಾರ್ನಿಂಗ್ ಒಟ್ಟಿಗೆ ಬಂದು ಹೋಗುವುದು, ಯಾವುದಾದರೂ ಸ್ವಿಚ್ ಮುಟ್ಟಿದರೆ ಬಿಸಿ, ರಾತ್ರಿ ನಿಲ್ಲಿಸಿದ ಕಾರಿನ ಬ್ಯಾಟರಿ ಬೆಳಗ್ಗೆ ಖಾಲಿ.

ಹಳೆಯ ಕಾರಿನವರು ಇನ್ನೂ ಹುಷಾರಾಗಿರಬೇಕು. 1990ರ ದಶಕದ ಮೊದಲರ್ಧದ ಮರ್ಸಿಡಿಸ್ ಕಾರುಗಳಲ್ಲಿ, ಎಸ್‌ಎಲ್ ಅನ್ನುವ ಸ್ಪೋರ್ಟ್ಸ್ ಮಾದರಿ ಕೂಡ ಸೇರಿ, ಇಂಜಿನ್ ವೈರಿಂಗಿನ ಸಿಪ್ಪೆ ಬಿಸಿಗೆ ಒಣಗಿ ಪುಡಿಪುಡಿಯಾಗಿ ಉದುರುವುದು ಹೆಸರಾದ ತೊಂದರೆ. ವೈರನ್ನು ಸ್ವಲ್ಪ ಬಗ್ಗಿಸಿದಾಗ ಸಿಪ್ಪೆ ಬಿರುಕು ಬಿಟ್ಟರೆ ಇಡೀ ಹಾರ್ನೆಸ್, ಅಂದರೆ ವೈರುಗಳ ಇಡೀ ಕಟ್ಟು ಬದಲಿಸಬೇಕು. ಟೇಪ್ ಸುತ್ತಿದರೆ ಸಾಲದು.

## ಹಂತ 4: ಓಡುತ್ತಿರುವಾಗ ಹೊಗೆ ಬಂದರೆ

ಇಂಜಿನ್ ಮಧ್ಯದಲ್ಲೋ ಹಿಂದೆಯೋ ಇರುವ ಕಾರಿನಲ್ಲಿ ಒಂದು ಮೋಸ ಇದೆ. ಓಡುವಾಗ ಗಾಳಿ ಹೊಗೆಯನ್ನು ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಒಳಗೆ ಕೂತ ನಿಮಗೆ ವಾಸನೆಯೂ ಬರುವುದಿಲ್ಲ. ಪಕ್ಕದ ಗಾಡಿಯವರು ಹಾರ್ನ್ ಹೊಡೆದು ಕೈ ಮಾಡಿದರೆ, ಕಾರು ನೋಡಿ ಖುಷಿಪಡುತ್ತಿದ್ದಾರೆ ಅಂದುಕೊಂಡು ಮುಂದೆ ಹೋಗಬೇಡಿ. ಕನ್ನಡಿಯಲ್ಲಿ ಒಮ್ಮೆ ನೋಡಿ.

ಈಗ ಕ್ರಮ. ಇದನ್ನು ಹೀಗೆಯೇ ಮಾಡಬೇಕು, ಹಿಂದೆ ಮುಂದೆ ಮಾಡಿದರೆ ಒಂದರಿಂದ ಇನ್ನೊಂದು ಕೆಡುತ್ತದೆ.

1. ಹಜಾರ್ಡ್ ಲೈಟ್ ಹಾಕಿ, ಎಸಿ ಬ್ಲೋವರ್ ಆಫ್ ಮಾಡಿ. ಹೊಗೆ ಎಸಿ ಕಿಂಡಿಯಿಂದಲೇ ಬರುತ್ತಿದ್ದರೆ ಬ್ಲೋವರ್ ಆಫ್ ಮಾಡಿದ್ದಕ್ಕೇ ಕೆಲವು ಸಲ ನಿಂತುಹೋಗುತ್ತದೆ.
2. ಪಕ್ಕಕ್ಕೆ ತನ್ನಿ. ಇಂಜಿನ್ ಇನ್ನೂ ಆಫ್ ಮಾಡಬೇಡಿ, ಮಾಡಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ.
3. ನಿಲ್ಲಿಸುವ ಜಾಗ ನೋಡಿ. ಒಣ ಹುಲ್ಲಿನ ಮೇಲೆ ಬೇಡ. ಕಾರಿನ ಕೆಳಗೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಗೆ ಹುಲ್ಲೇ ಹತ್ತಿಕೊಳ್ಳುತ್ತದೆ, ತಗ್ಗಿನ ಕಾರಿಗಂತೂ ಹುಲ್ಲು ನೇರವಾಗಿ ತಾಗುತ್ತದೆ. ಪೆಟ್ರೋಲ್ ಬಂಕ್, ಸುರಂಗ, ನೆಲಮಾಳಿಗೆಯ ಪಾರ್ಕಿಂಗ್ ಬೇಡ.
4. ಗೇರ್ ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಹಾಕಿ. ಎರಡೂ ಕರೆಂಟಿನದ್ದಾದರೆ ಕರೆಂಟ್ ಇರುವಾಗಲೇ ಹಾಕಬೇಕು.
5. ಎಲ್ಲ ಬಾಗಿಲ ಲಾಕ್ ತೆಗೆಯಿರಿ.
6. ಆಮೇಲೆ ಇಂಜಿನ್ ಆಫ್. ಇದರಿಂದ ಪೆಟ್ರೋಲ್ ಪಂಪ್ ನಿಲ್ಲುತ್ತದೆ. ಸ್ಟಾರ್ಟ್ ಗುಂಡಿಗೆ ಕೇಳದಿದ್ದರೆ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ.
7. ಇಳಿಯಿರಿ.

ಬರೆದಾಗ ಉದ್ದ ಕಾಣುತ್ತದೆ, ಮಾಡುವಾಗ ಗಾಡಿ ನಿಂತ ಮೇಲೆ ಐದು ಸೆಕೆಂಡಿನ ಕೆಲಸ. ಒಳಗೇ ಜ್ವಾಲೆ ಕಂಡಿತು, ಅಥವಾ ಕಣ್ಣು ಬಿಡಲಾಗದಷ್ಟು ಹೊಗೆ ತುಂಬಿತು ಅಂದರೆ 4ರಿಂದ 6ರ ತನಕ ಬಿಟ್ಟುಬಿಡಿ, ನಿಲ್ಲಿಸಿ ಇಳಿಯಿರಿ ಅಷ್ಟೇ.

## ಹಂತ 5: ಇಳಿದ ಮೇಲಿನ ಮೊದಲ ನಿಮಿಷ

ಮೊಬೈಲ್ ಜೇಬಲ್ಲಿದ್ದರೆ ಸರಿ, ಇಲ್ಲದಿದ್ದರೆ ಹುಡುಕಬೇಡಿ. ಬ್ಯಾಗು, ಕಾಗದಪತ್ರ ಯಾವುದಕ್ಕೂ ವಾಪಸ್ ಹೋಗಬೇಡಿ.

ಎಲ್ಲರೂ ಕನಿಷ್ಠ 30 ಮೀಟರ್ ದೂರ ಹೋಗಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿ, ಇಳಿಜಾರಿದ್ದರೆ ಮೇಲ್ಗಡೆ ನಿಲ್ಲಿ, ಯಾಕೆಂದರೆ ಸೋರಿದ ಪೆಟ್ರೋಲ್ ಕೆಳಗೆ ಹರಿಯುತ್ತದೆ. ಕಾರಿನ ನೇರ ಮುಂದೆ, ನೇರ ಹಿಂದೆ ನಿಲ್ಲಬೇಡಿ. ಬಾನೆಟ್ ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್‌ಗಳು ಬಿಸಿಗೆ ಸಿಡಿದು ಬಾಣದ ಹಾಗೆ ಬರುತ್ತವೆ. ಟೈರ್ ಸಿಡಿಯುತ್ತವೆ, ಏರ್‌ಬ್ಯಾಗ್ ಸಿಡಿಯುತ್ತವೆ.

ಹೊಗೆ ಉಸಿರಾಡಬೇಡಿ. ಸೀಟಿನ ಫೋಮ್ ಉರಿದರೆ ಸೈನೈಡ್ ಅನಿಲ ಬರುತ್ತದೆ, ವೈರಿನ ಪಿವಿಸಿ ಉರಿದರೆ ಆಮ್ಲದ ಹೊಗೆ ಬರುತ್ತದೆ. ಕೆಲವೇ ಉಸಿರು ಸಾಕು ತಲೆ ತಿರುಗಲು.

ಈಗ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ಸಣ್ಣ ಹೊಗೆ ತಾನೇ ಅಂತ ಕಾಯಬೇಡಿ. ಫೋನಿನಲ್ಲಿ ಮೂರು ವಿಷಯ ಖಂಡಿತ ಹೇಳಿ: ಇಂಜಿನ್ ಎಲ್ಲಿದೆ, ಬ್ಯಾಟರಿ ಎಲ್ಲಿದೆ, ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಹೌದಾ ಅಲ್ವಾ. ಮುಂದೆ ಇಂಜಿನ್ ಇರುತ್ತದೆ ಅಂದುಕೊಂಡು ಬರುವವರಿಗೆ ಇದು ತುಂಬ ಸಮಯ ಉಳಿಸುತ್ತದೆ. ಸೀಟ್, ಡ್ಯಾಶ್‌ಬೋರ್ಡ್ ಚೌಕಟ್ಟು ಅಥವಾ ಚಕ್ರ ಮೆಗ್ನೀಸಿಯಂ ಅಂತ ಗೊತ್ತಿದ್ದರೆ ಅದನ್ನೂ ಹೇಳಿ. ಉರಿಯುವ ಮೆಗ್ನೀಸಿಯಂಗೆ ನೀರು ಬಿದ್ದರೆ ಕಣ್ಣು ಕುಕ್ಕುವ ಬೆಳಕಿನೊಂದಿಗೆ ಸಿಡಿಯುತ್ತದೆ.

## ಹಂತ 6: ನೀವೇ ಆರಿಸಬೇಕಾ?

ಬೆಂಕಿ ಕೈಯಗಲಕ್ಕಿಂತ ಸಣ್ಣದು, ಎಲ್ಲಿದೆ ಅಂತ ಕಾಣುತ್ತಿದೆ, ಪೆಟ್ರೋಲ್ ವಾಸನೆ ಇಲ್ಲ, ಬೆನ್ನ ಹಿಂದೆ ಓಡಲು ದಾರಿ ಇದೆ, ಫೋನ್ ಮಾಡಿ ಆಗಿದೆ. ಐದೂ ಹೌದು ಅಂದರೆ ಪ್ರಯತ್ನಿಸಿ. ಒಂದಾದರೂ ಇಲ್ಲ ಅಂದರೆ ದೂರವೇ ಇರಿ. ಇದರಲ್ಲಿ ಚೌಕಾಸಿ ಬೇಡ.

ಬಾನೆಟ್ ಅಥವಾ ಇಂಜಿನ್ ಮುಚ್ಚಳದ ಒಳಗಿಂದ ಹೊಗೆ ಬರುತ್ತಿದ್ದರೆ ಪೂರ್ತಿ ಎತ್ತಬೇಡಿ. ಒಳಗೆ ಗಾಳಿ ಸಾಲದೆ ಬೆಂಕಿ ಕುಗ್ಗಿ ಕೂತಿರುತ್ತದೆ, ಮುಚ್ಚಳ ಎತ್ತಿದ ಕೂಡಲೇ ಗಾಳಿ ನುಗ್ಗಿ ಮುಖಕ್ಕೇ ಹಾರುತ್ತದೆ. ಮೊದಲು ಕೈಯ ಹಿಂಬದಿಯನ್ನು ಮುಚ್ಚಳದ ಹತ್ತಿರ ತನ್ನಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ, ಪೇಂಟ್ ಗುಳ್ಳೆ ಎದ್ದಿದ್ದರೆ, ಹಿಂದೆ ಸರಿಯಿರಿ. ಬಿಸಿ ಇಲ್ಲದಿದ್ದರೆ ಒಳಗಿನ ಲಿವರ್ ಎಳೆದು ಮೊದಲ ಕೊಕ್ಕೆಯ ತನಕ ಮಾತ್ರ ಬಿಡಿಸಿ. ಎರಡು ಬೆರಳು ಅಗಲದ ಸಂದು ಸಿಗುತ್ತದೆ. ಆ ಸಂದಿನಿಂದಲೇ, ಪಕ್ಕಕ್ಕೆ ನಿಂತು ಸಿಂಪಡಿಸಿ. ಹಿಂದೆ ಇಂಜಿನ್ ಇರುವ ಕಾರುಗಳಲ್ಲಿ ಮುಚ್ಚಳದ ಮೇಲೆಯೇ ಜಾಲರಿ ಇರುತ್ತದೆ, ಮುಚ್ಚಳ ಮುಟ್ಟದೆ ಅದರ ಮೂಲಕವೇ ಹೊಡೆಯಬಹುದು.

ಸಿಲಿಂಡರ್ ಹಿಡಿಯುವ ರೀತಿ: ಪಿನ್ ಎಳೆಯಿರಿ, ಕೊಳವೆಯನ್ನು ಜ್ವಾಲೆಯ ಬುಡಕ್ಕೆ ಗುರಿ ಇಡಿ, ಒತ್ತಿ, ಆ ಕಡೆ ಈ ಕಡೆ ಆಡಿಸಿ. ಪುಡಿಯದ್ದಾದರೆ 2 ಮೀಟರ್ ದೂರದಿಂದ, ಕಾರ್ಬನ್ ಡೈಆಕ್ಸೈಡ್ ಆದರೆ ಇನ್ನೂ ಹತ್ತಿರದಿಂದ. ಅದರ ಕಪ್ಪು ಕೊಂಬನ್ನು ಬರಿಗೈಯಲ್ಲಿ ಹಿಡಿಯಬೇಡಿ, ಚಳಿಗೆ ಚರ್ಮ ಅಂಟಿಕೊಳ್ಳುತ್ತದೆ. ಕಾರಿನೊಳಗೆ ಕೂತು ಯಾವ ಸಿಲಿಂಡರನ್ನೂ ಬಳಸಬೇಡಿ. ಅಷ್ಟು ಸಣ್ಣ ಜಾಗದಲ್ಲಿ ಉಸಿರೇ ಸಿಗುವುದಿಲ್ಲ, ಹೊರಗೆ ನಿಂತು ತೆರೆದ ಬಾಗಿಲಿನಿಂದ ಹೊಡೆಯಿರಿ.

ಡ್ಯಾಶ್‌ಬೋರ್ಡಿನ ಹಿಂದೆ ಬೆಂಕಿ ಇದ್ದರೆ ಮೇಲಿಂದ ಹೊಡೆದು ಪ್ರಯೋಜನವಿಲ್ಲ. ಕಾಲಿಡುವ ಜಾಗದಿಂದ ಮೇಲ್ಮುಖವಾಗಿ, ಇಲ್ಲವೇ ಗ್ಲೋವ್ ಬಾಕ್ಸ್ ಸಂದಿನಿಂದ ಹೊಡೆಯಬೇಕು.

ಸಿಲಿಂಡರ್ ಖಾಲಿಯಾಯಿತು, ಬೆಂಕಿ ಆರಲಿಲ್ಲ. ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಹಿಂದೆ ಬನ್ನಿ. ಎಷ್ಟೇ ಬೆಲೆಯ ಕಾರಾದರೂ ಸರಿ, ಹಿಂದೆ ಬನ್ನಿ.

## ಹಂತ 7: ಬ್ಯಾಟರಿ ಕಳಚುವುದು

ಜ್ವಾಲೆ ಆರಿದೆ, ಹೊಗೆ ತೆಳುವಾಗಿದೆ. ಈಗ ಬ್ಯಾಟರಿ ಕಳಚದಿದ್ದರೆ ಮತ್ತೆ ಹತ್ತುತ್ತದೆ. ಇಂಜಿನ್ ಆಫ್ ಆಗಿದ್ದರೂ ಕೂಲಿಂಗ್ ಫ್ಯಾನ್ ಎಷ್ಟೋ ಕಾರುಗಳಲ್ಲಿ ತಿರುಗುತ್ತಲೇ ಇರುತ್ತದೆ, ಆರಿದ ಕೆಂಡಕ್ಕೆ ತಿದಿ ಒತ್ತಿದ ಹಾಗೆ.

ಬ್ಯಾಟರಿ ಇರುವ ಜಾಗದಲ್ಲೇ ಬೆಂಕಿ ಇದ್ದರೆ ಇದನ್ನು ಮಾಡಬೇಡಿ, ದಳದವರು ಬರಲಿ. ಬೆಂಕಿ ಹಿಂದೆ, ಬ್ಯಾಟರಿ ಮುಂದೆ ಇದ್ದರೆ ಮಾಡಬಹುದು. ಕೈಗವಸು ಹಾಕಿಕೊಂಡು, ಉಂಗುರ, ಲೋಹದ ವಾಚ್ ಪಟ್ಟಿ ತೆಗೆದಿಟ್ಟು, ಮೊದಲು ನೆಗೆಟಿವ್. ಪಾಸಿಟಿವ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಕಾರಿನ ಲೋಹದ ಮೈಗೆ ತಾಗಿದರೆ ಅಲ್ಲೇ ಇನ್ನೊಂದು ಕಿಡಿ. ಕಳಚಿದ ಕೇಬಲ್ಲನ್ನು ಬಗ್ಗಿಸಿ ದೂರ ಇಡಿ, ಬಟ್ಟೆ ಸುತ್ತಿ. ಸುಮ್ನೆ ಬಿಟ್ಟರೆ ಅದು ಮೆಲ್ಲಗೆ ವಾಪಸ್ ಬಂದು ಟರ್ಮಿನಲ್ಲಿಗೆ ತಾಗುತ್ತದೆ.

ಡಿಕ್ಕಿ ಕರೆಂಟಿನ ಬೀಗದ್ದಾದರೆ ಕಳಚಿದ ಮೇಲೆ ಪೂರ್ತಿ ಮುಚ್ಚಬೇಡಿ. ಮುಚ್ಚಿದರೆ ಮತ್ತೆ ತೆರೆಯಲು ಪಾಡು ಪಡಬೇಕು.

## ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಾದರೆ

ಇಲ್ಲಿ ನಿಯಮ ಬೇರೆ. ಪೋರ್ಶೆ 918 ಸ್ಪೈಡರ್, ಮೆಕ್‌ಲಾರೆನ್ ಪಿ1, ಫೆರಾರಿ ಎಸ್‌ಎಫ್90 ಇವೆಲ್ಲ ಹೈಬ್ರಿಡ್. ಪೋರ್ಶೆ ಟೇಕಾನ್ 800 ವೋಲ್ಟಿನ ಕಾರು. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದು ಹೈ ವೋಲ್ಟೇಜ್, ಕೈ ಹಾಕಬೇಡಿ. 12 ವೋಲ್ಟಿನ ಬ್ಯಾಟರಿ ಕಳಚಿದರೂ ದೊಡ್ಡ ಬ್ಯಾಟರಿಯ ಒಳಗಿನ ಶಕ್ತಿ ಎಲ್ಲಿಗೂ ಹೋಗುವುದಿಲ್ಲ.

ನೆಲದ ಕಡೆಯಿಂದ ಬಿಳಿ ಹೊಗೆ, ಬುಸ್ ಅನ್ನುವ ಸದ್ದು, ಪಟಪಟ ಸಿಡಿಯುವ ಸದ್ದು ಬಂದರೆ ಲಿಥಿಯಂ ಸೆಲ್‌ಗಳು ಹೋಗುತ್ತಿವೆ ಅಂತ ಅರ್ಥ. ಕೈ ಸಿಲಿಂಡರ್ ಅಲ್ಲಿ ಏನೂ ಮಾಡಲಾರದು. ತುಂಬಾ ನೀರು, ತುಂಬಾ ಹೊತ್ತು ಬೇಕು, ಅದು ದಳದವರ ಕೆಲಸ. ಸ್ಮಾರ್ಟ್ ಕೀ ಕಾರಿನಿಂದ ದೂರ ಒಯ್ಯಿರಿ, ಹತ್ತಿರ ಇದ್ದರೆ ಕಾರು ಎಚ್ಚರವಾಗುತ್ತದೆ.

ಆರಿತು ಅಂದ ಮೇಲೂ ನಂಬಬೇಡಿ. 2017ರಲ್ಲಿ ಸ್ವಿಟ್ಜರ್‌ಲೆಂಡಿನಲ್ಲಿ ಅಪಘಾತಕ್ಕೀಡಾದ ರಿಮಾಕ್ ಕಾನ್ಸೆಪ್ಟ್ ಒನ್ ಕಾರಿನ ಬ್ಯಾಟರಿ ಆರಿಸಿದ ಮೇಲೂ ದಿನಗಟ್ಟಲೆ ಮತ್ತೆ ಮತ್ತೆ ಹೊತ್ತಿಕೊಂಡಿತು. ಇಂಥ ಕಾರನ್ನು ಕಟ್ಟಡದಿಂದ, ಬೇರೆ ಗಾಡಿಗಳಿಂದ ಕನಿಷ್ಠ 15 ಮೀಟರ್ ದೂರ, ಬಯಲಿನಲ್ಲಿ ನಿಲ್ಲಿಸಬೇಕು.

## ಹಂತ 8: ಆರಿದ ಮೇಲಿನ ಎರಡು ದಿನ

ಸ್ಟಾರ್ಟ್ ಆಗುತ್ತಾ ಅಂತ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ನೋಡಬೇಡಿ. ಕೀ ಹಾಕಬೇಡಿ, ಹೋದ ಫ್ಯೂಸ್ ಬದಲಿಸಬೇಡಿ. ಫ್ಲಾಟ್‌ಬೆಡ್ (ಕಾರನ್ನು ಪೂರ್ತಿ ಹೊತ್ತು ಒಯ್ಯುವ ಲಾರಿ) ಮೇಲೆ ಸಾಗಿಸಿ, ರಾತ್ರಿ ಗ್ಯಾರೇಜಿನೊಳಗೆ ಇಡದೆ ಹೊರಗೆ ಇಡಿ.

ಯಾವುದನ್ನೂ ಅಲ್ಲಾಡಿಸುವ ಮುಂಚೆ ಫೋಟೋ ತೆಗೆಯಿರಿ. ಸುಟ್ಟ ಜಾಗ ಹತ್ತಿರದಿಂದ, ದೂರದಿಂದ, ಫ್ಯೂಸ್ ಬಾಕ್ಸ್, ಕಪ್ಪು ಕಲೆ ಯಾವ ಕಡೆಗೆ ಹರಡಿದೆ ಅನ್ನುವುದು. ಕಲೆ ಸಾಮಾನ್ಯವಾಗಿ ಬೆಂಕಿ ಶುರುವಾದ ಜಾಗದಿಂದ ಮೇಲಕ್ಕೆ, ಅಗಲಕ್ಕೆ ಹರಡಿರುತ್ತದೆ. ಇನ್ಶೂರೆನ್ಸ್ ಕಂಪನಿಗೆ ಅದೇ ದಿನ ತಿಳಿಸಿ.

ಇಲ್ಲೊಂದು ಇಕ್ಕಟ್ಟು ಇದೆ. ಎಬಿಸಿ ಪುಡಿಯನ್ನು ಆದಷ್ಟು ಬೇಗ ತೆಗೆಯಬೇಕು, ತೇವ ಸೇರಿದರೆ ಲೋಹ ತಿನ್ನಲು ಶುರು. ಆದರೆ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ನೋಡುವ ಮುಂಚೆ ತೊಳೆದರೆ ಸಾಕ್ಷಿ ಹೋಗುತ್ತದೆ. ಹಾಗಾಗಿ ಅವರಿಗೆ ಫೋನ್ ಮಾಡಿ, ಪುಡಿ ಬಿದ್ದಿದೆ, ತಡವಾದಷ್ಟೂ ನಷ್ಟ ಜಾಸ್ತಿ ಅಂತ ಹೇಳಿ, ಬೇಗ ಬರಲು ಒತ್ತಾಯಿಸಿ, ಅದನ್ನೇ ಬರಹದಲ್ಲೂ ಕಳಿಸಿ. ಆಮೇಲೆ ಒಣ ವ್ಯಾಕ್ಯೂಮ್, ಮೆತ್ತನೆಯ ಬ್ರಷ್. ನೀರಿನ ಜೆಟ್ ಹೊಡೆದರೆ ಪುಡಿ ಕರಗಿ ಕನೆಕ್ಟರ್‌ಗಳ ಒಳಗೆ ಹೋಗುತ್ತದೆ.

ಬರಿಗೈಯಲ್ಲಿ ಸುಟ್ಟ ಜಾಗ ಮುಟ್ಟಬೇಡಿ. ಇಂಜಿನ್ನಿನ ಕೆಲವು ಸೀಲ್‌ಗಳ ರಬ್ಬರ್ ಅತಿ ಬಿಸಿಗೆ ಕೆಟ್ಟು ಹೈಡ್ರೋಫ್ಲೋರಿಕ್ ಆಮ್ಲ ಬಿಡುತ್ತದೆ, ಅದು ಚರ್ಮದೊಳಗೆ ಇಳಿಯುತ್ತದೆ. ಕಾರ್ಬನ್ ಫೈಬರ್ ಸುಟ್ಟಿದ್ದರೆ ಅದರ ಸಣ್ಣ ಎಳೆಗಳು ಗಾಳಿಯಲ್ಲಿ ತೇಲುತ್ತವೆ. ಮಾಸ್ಕ್, ಕೈಗವಸು ಎರಡೂ ಬೇಕು.

## ಹಂತ 9: ಕಾರಣ ಸಿಗುವ ತನಕ ಬಿಡಬೇಡಿ

ಸುಟ್ಟ ವೈರ್ ಬದಲಿಸಿ, ಟೇಪ್ ಸುತ್ತಿ, "ಸರಿಯಾಯ್ತು ಸಾರ್" ಅಂದರೆ ಒಪ್ಪಬೇಡಿ. ಆ ವೈರ್ ಯಾಕೆ ಸುಟ್ಟಿತು ಅಂತ ಕೇಳಿ.

ಹುಡುಕುವ ಕ್ರಮ ಹೀಗಿರಲಿ. ಮೊದಲು, ಕಂಪನಿ ಹಾಕದೇ ಇದ್ದದ್ದೆಲ್ಲ: ಡ್ಯಾಶ್‌ಕ್ಯಾಮ್, ಆಂಪ್ಲಿಫೈಯರ್, ಸೈಲೆನ್ಸರ್ ವಾಲ್ವ್ ಕಂಟ್ರೋಲರ್, ಎಲ್‌ಇಡಿ ಪಟ್ಟಿ, ಟ್ರ್ಯಾಕರ್. ಇಂಥ ಪ್ರತಿಯೊಂದಕ್ಕೂ ಬ್ಯಾಟರಿಯ ಹತ್ತಿರವೇ ತನ್ನದೇ ಫ್ಯೂಸ್ ಇರಬೇಕು, ವೈರಿನ ದಪ್ಪಕ್ಕೆ ತಕ್ಕ ಫ್ಯೂಸ್. ಎರಡನೆಯದು, ಮೂಲದಲ್ಲಿ ಇದ್ದದ್ದಕ್ಕಿಂತ ದೊಡ್ಡ ಫ್ಯೂಸ್ ಯಾರಾದರೂ ಹಾಕಿದ್ದಾರಾ. ಮೂರನೆಯದು, ಅರ್ತಿಂಗ್ ಬೋಲ್ಟುಗಳು, ದಪ್ಪ ಕೇಬಲ್ಲಿನ ತುದಿಗಳು. ತುಕ್ಕು, ಸಡಿಲ, ಬಣ್ಣ ಬದಲಾದ ತಾಮ್ರ. ನಾಲ್ಕನೆಯದು, ಸೈಲೆನ್ಸರ್ ಪೈಪಿನ ಹತ್ತಿರ ಹೋಗುವ ವೈರಿಂಗ್. ಮಧ್ಯದಲ್ಲಿ ಇಂಜಿನ್ ಇರುವ ಕಾರಿನಲ್ಲಿ ಜಾಗ ಇಕ್ಕಟ್ಟು, ಒಂದು ಶಾಖದ ತಗಡು ಸಡಿಲವಾದರೂ ಸಾಕು. ಐದನೆಯದು, ಇಲಿ. ತಿಂಗಳುಗಟ್ಟಲೆ ನಿಂತಿರುವ ಕಾರು ಅವಕ್ಕೆ ಒಳ್ಳೆಯ ಮನೆ.

ಮಲ್ಟಿಮೀಟರಿನಲ್ಲಿ ಒಂದು ಪರೀಕ್ಷೆ ಮಾಡಿಸಿ. ಕಾರು ಲಾಕ್ ಮಾಡಿ, ಒಂದು ಗಂಟೆ ಮಲಗಲು ಬಿಟ್ಟು ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಗುತ್ತಿದೆ ಅಳೆಯಬೇಕು. ಸಾಮಾನ್ಯವಾಗಿ 50 ಮಿಲಿಆಂಪ್ ಒಳಗಿರಬೇಕು. ಅದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಯಾವುದೋ ಒಂದು ಎಚ್ಚರವಾಗಿಯೇ ಇದೆ. ಲೋಡ್ ಹಾಕಿ ಥರ್ಮಲ್ ಕ್ಯಾಮೆರಾದಲ್ಲಿ ಫ್ಯೂಸ್ ಬಾಕ್ಸ್ ನೋಡಿದರೆ ಸಡಿಲ ಕನೆಕ್ಟರ್ ಬೆಳಗಿ ಕಾಣುತ್ತದೆ. ಮೊದಲು ಹೇಳಿದ ಆ 40 ವಾಟ್ ಅಲ್ಲಿ ಕಣ್ಣಿಗೇ ಬೀಳುತ್ತದೆ.

ಕಾರಿನ ಚಾಸಿ ನಂಬರ್ ಹಾಕಿ ಕಂಪನಿಯ ರೀಕಾಲ್ ಪಟ್ಟಿಯನ್ನೂ, ಅಂದರೆ ದೋಷ ಇದೆ ಅಂತ ಕಂಪನಿಯೇ ವಾಪಸ್ ಕರೆದ ಕಾರುಗಳ ಪಟ್ಟಿಯನ್ನೂ ನೋಡಿ. ಬೆಂಕಿ ಅಂದ ಕೂಡಲೇ ವೈರಿಂಗೇ ಕಾರಣ ಅಂತ ತೀರ್ಮಾನಿಸಬೇಡಿ. 2010ರಲ್ಲಿ ಫೆರಾರಿ 458 ಇಟಾಲಿಯಾ ಕಾರುಗಳಲ್ಲಿ ಕಾರಣ ಚಕ್ರದ ಕಮಾನಿನೊಳಗೆ ಬಳಸಿದ್ದ ಅಂಟು, ಅದು ಬಿಸಿಗೆ ಹತ್ತಿಕೊಳ್ಳುತ್ತಿತ್ತು. 2014ರಲ್ಲಿ ಪೋರ್ಶೆ 911 ಜಿಟಿ3 ಕಾರುಗಳಲ್ಲಿ ಇಂಜಿನ್ನಿನೊಳಗಿನ ಕನೆಕ್ಟಿಂಗ್ ರಾಡಿನ ಬೋಲ್ಟ್ ಸಡಿಲವಾಗಿ ಇಂಜಿನ್ ಒಡೆಯುತ್ತಿತ್ತು. ಕಂಪನಿ 785 ಕಾರುಗಳ ಇಂಜಿನ್ನೇ ಬದಲಿಸಿತು. 2012ರಲ್ಲಿ ಫಿಸ್ಕರ್ ಕರ್ಮ ಕಾರುಗಳಲ್ಲಿ ಮಾತ್ರ ನಿಜಕ್ಕೂ ಎಲೆಕ್ಟ್ರಿಕಲ್ ದೋಷ, ಕೂಲಿಂಗ್ ಫ್ಯಾನಿನದು.

ಕೊನೆಯದಾಗಿ, ನಿಂತ ಕಾರಿಗೆ ಬ್ಯಾಟರಿ ಚಾರ್ಜರ್ ಸಿಕ್ಕಿಸಿ ಇಡುವವರಿಗೆ. ಹಗುರ ಅಂತ ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಹಾಕಿಸಿದ್ದರೆ ಹಳೆಯ ಲೆಡ್ ಆಸಿಡ್ ಚಾರ್ಜರ್ ಬಳಸಬೇಡಿ. ಅಂಥ ಕೆಲವು ಚಾರ್ಜರ್‌ಗಳಲ್ಲಿ ದಣಿದ ಲೆಡ್ ಬ್ಯಾಟರಿಗೆ ಚೇತರಿಕೆ ಕೊಡುವ ಡೀಸಲ್ಫೇಶನ್ ಮೋಡ್ 15 ವೋಲ್ಟಿಗಿಂತ ಮೇಲೆ ಹೋಗುತ್ತದೆ, ಲಿಥಿಯಂ ಬ್ಯಾಟರಿಗೆ ಅದು ಅಪಾಯ. ಚಾರ್ಜರಿನ ವೈರ್ ಬಾನೆಟ್ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿದೆಯಾ ನೋಡಿ. ಚಾರ್ಜರ್ ಕಾರಿನೊಳಗೆ, ಕಾರ್ಪೆಟ್ ಮೇಲೆ ಇಡದೆ ಹೊರಗೆ ಗಟ್ಟಿ ನೆಲದ ಮೇಲೆ ಇಡಿ. ಗ್ಯಾರೇಜಿನ ಚಾವಣಿಗೆ ಒಂದು ಹೊಗೆ ಅಲಾರಂ ಹಾಕಿಸಿ, ಅದರ ಸದ್ದು ನೀವು ಮಲಗುವ ಕೋಣೆಗೆ ಕೇಳಿಸುತ್ತದಾ ಅಂತ ಗುಂಡಿ ಒತ್ತಿ ನೋಡಿ.